ಹಿಂಡಿನಲ್ಲಿ ನಮ್ಮ ಹುಡುಗಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕಥೆ ಹೇಳಲು ಬರುವುದಿಲ್ಲ. ನಾನು ಬಸ್ಸು ರಿಪೇರಿ ಮಾಡುವವನು. ಇಂಜಿನ್ನಿನ ಶಬ್ದ ಕೇಳಿ ಎಲ್ಲಿ ಕೆಟ್ಟಿದೆ ಎಂದು ಹೇಳಬಲ್ಲೆ, ವಾಕ್ಯ ಎಲ್ಲಿ ಕೆಟ್ಟಿದೆ ಎಂದು ಮಾತ್ರ ಗೊತ್ತಾಗುವುದಿಲ್ಲ. ಅದಕ್ಕೇ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುತ್ತೇನೆ. ಹೆಚ್ಚಾಯಿತು ಅನ್ನಿಸಿದರೆ ಹಾರಿಸಿಕೊಂಡು ಓದಿ, ನನಗೆ ಬೇಜಾರಿಲ್ಲ.

ಬರೆಯಲು ಕೂರಿಸಿದವರು ಡಿಪೋದ ಗೆಳೆಯರು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನಮ್ಮ ಮನೆಯ ಸುದ್ದಿ ಹೇಳಿದರೆ ಅವರು ತುತ್ತು ಕೈಯಲ್ಲೇ ಹಿಡಿದುಕೊಂಡು ನಗುತ್ತಾರೆ. ಮಗಳನ್ನು ಮಿಲಿಟರಿ ಅಕಾಡೆಮಿಗೆ ಕಳಿಸಿದ ಮನೆಯಲ್ಲಿ ಇಂಥವು ನಿಲ್ಲುವುದೇ ಇಲ್ಲ. ತರಬೇತಿ ಆಕೆಗೆ ಕೊಡುತ್ತಾರೆ, ಏದುಸಿರು ಬಿಡುವವರು ನಾವು.

ನಮ್ಮ ಮನೆಯವರು ಯಾರ್ಯಾರು ಎಂದು ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದೆ ಗೊಂದಲವಾಗುತ್ತದೆ. ಮಾನ್ವಿಯಲ್ಲಿ ನಮ್ಮ ಮನೆ. ನಾನು, ನನ್ನ ಹೆಂಡತಿ, ಒಬ್ಬಳೇ ಮಗಳು. ಹೆಂಡತಿಯ ತವರು ದೇವದುರ್ಗ ತಾಲೂಕಿನಲ್ಲಿ, ಜಾಲಹಳ್ಳಿಯ ಹತ್ತಿರ. ಕುರಿ ಸಾಕುವ ಮನೆತನ. ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ಈ ವಯಸ್ಸಿನಲ್ಲೂ ಕುರಿ ಹಿಂಡಿನ ಹಿಂದೆ ನಡೆಯುತ್ತಾರೆ. ಮಗಳು ಸಣ್ಣವಳಿದ್ದಾಗ ಬೇಸಿಗೆ ರಜೆಯನ್ನೆಲ್ಲ ಅವರ ಕುರಿ ಹಟ್ಟಿಯಲ್ಲೇ ಕಳೆಯುತ್ತಿದ್ದಳು. ಹೆಸರುಗಳನ್ನು ನಾನು ಬರೆಯುವುದಿಲ್ಲ. ಬರೆಯಬಾರದೆಂದು ಮಗಳ ಆರ್ಡರ್. ಮನೆಯಲ್ಲಿ ಈಗ ಅವಳ ಮಾತಿಗೆ ಆರ್ಡರ್ ಎನ್ನುತ್ತೇವೆ.

ಚಪ್ಪೆಯ ಗುರುತು

ಹೊರಡುವ ಮೊದಲು ಅಕಾಡೆಮಿಯಿಂದ ಒಂದು ಸೂಚನೆ ಬಂದಿತ್ತು. ತರುವ ಬಟ್ಟೆಬರೆಗೆಲ್ಲ ತಮ್ಮದೆಂದು ತಿಳಿಯುವಂತೆ ಗುರುತು ಹಾಕಿರಬೇಕು. ನೂರಾರು ಮಕ್ಕಳ ಬಟ್ಟೆ ಒಂದೇ ಕಡೆ ಒಗೆಯಲು ಹೋಗುತ್ತವಲ್ಲ, ಕಲೆತುಹೋಗಬಾರದು ಎಂದು. ಒಳಮಗ್ಗುಲಲ್ಲಿ ಸಣ್ಣದಾಗಿ ಹೆಸರು ಬರೆದರೆ ಸಾಕಿತ್ತು. ನಾನು ಮಗಳನ್ನು ಕರೆದುಕೊಂಡು ಬೂಟು ತರಲು ರಾಯಚೂರಿಗೆ ಹೋಗಿದ್ದೆ. ಹೆಂಡತಿ, ಮೊಮ್ಮಗಳನ್ನು ಕಳಿಸಿಕೊಡಲು ಬಂದಿದ್ದ ಅತ್ತೆಗೆ ಈ ವಿಷಯ ಹೇಳಿ ಗಿರಣಿಗೆ ಹೋದಳು. ಅಷ್ಟೇ ಆದದ್ದು.

ಇಲ್ಲಿ ಒಂದು ವಿಷಯ ವಿವರಿಸಬೇಕು. ಬೇಸಿಗೆಯಲ್ಲಿ ಹಲವು ಮನೆಗಳ ಕುರಿ ಒಂದೇ ಕಡೆ ಸೇರುತ್ತವೆ. ಬೇರೆ ಮಾಡುವಾಗ ಯಾರದು ಯಾವುದು ತಿಳಿಯಬೇಕಲ್ಲ? ಅದಕ್ಕೆ ಒಂದೊಂದು ಮನೆತನಕ್ಕೆ ಒಂದೊಂದು ಬಣ್ಣದ ಗುರುತು ಇರುತ್ತದೆ. ಅತ್ತೆಯ ಮನೆಯದು ಬಲ ಚಪ್ಪೆಯ ಮೇಲೆ ಕೆಂಪು ಗೀಟು ಎರಡು. ಚಪ್ಪೆ ಅಂದರೆ ಸೊಂಟದ ಕೆಳಗಿನ ಪಕ್ಕ. ಬಣ್ಣ ಸಾಲದು ಅನ್ನಿಸಿದರೆ ಮರಿಯ ಕಿವಿಯನ್ನೂ ಸ್ವಲ್ಪ ಕತ್ತರಿಸುತ್ತಾರೆ. ಕುರಿ ಕರೆಯಲು ಇವರದೇ ಒಂದು ಕೂಗೂ ಉಂಟು. ಮೊದಲ ಕೂಗಿಗೆ ಕುರಿ ತಲೆ ಎತ್ತಬೇಕು, ಎರಡನೆಯದಕ್ಕೆ ಬರಬೇಕು, ಬಾರದಿದ್ದರೆ ಪಕ್ಕದಲ್ಲಿ ಕಲ್ಲು ಬೀಳುತ್ತದೆ. ಆ ಕೂಗಿನ ವಿಷಯ ಕೊನೆಯಲ್ಲಿ ಬೇಕಾಗುತ್ತದೆ, ದಯವಿಟ್ಟು ನೆನಪಿಡಿ.

ನಾವು ರಾಯಚೂರಿನಿಂದ ಬಂದಾಗ ಅಂಗಳದ ಹಗ್ಗದ ಮೇಲೆ ಹೊಸ ಬಿಳಿ ಚಡ್ಡಿಗಳು, ಬಿಳಿ ಅಂಗಿಗಳು, ಟವೆಲ್ಲುಗಳು, ದಿಂಬಿನ ಚೀಲಗಳು ಸಾಲಾಗಿ ಒಣಗುತ್ತಿದ್ದವು. ಎಲ್ಲದರ ಬಲಗಡೆ ಅಂಗೈ ಅಗಲದ ಕೆಂಪು ಗೀಟು ಎರಡು.

ಮಗಳು ಬೂಟಿನ ಡಬ್ಬ ಕೆಳಗೆ ಹಾಕಿ ನಿಂತುಬಿಟ್ಟಳು. "ಅಜ್ಜೀ, ಏನ್ ಮಾಡೀಯಬೇ ಇದು?"

"ಗುರುತು ಹಾಕಂದ್ರಂತ, ಹಾಕೀನಿ. ಇನ್ನ ಯಾವ ಹಿಂಡಿನಾಗ ಹೊಕ್ರೂ ಕಳಿಯಂಗಿಲ್ಲ."

"ಚಡ್ಡಿ ಮ್ಯಾಲ ಇಷ್ಟು ದೊಡ್ಡದು! ಎಲ್ಲಾರೂ ನಗತಾರ."

"ಚಡ್ಡಿ ಎಲ್ಲಿ ಬರತದ? ಚಪ್ಪಿ ಮ್ಯಾಲ. ಗುರುತು ಎಲ್ಲಿ ಹಾಕತೀವಿ? ಚಪ್ಪಿ ಮ್ಯಾಲ. ಮತ್ತೇನು ತಪ್ಪಾತು?"

ಸೀಮೆಎಣ್ಣೆ, ಸೋಡಾ, ನಿಂಬೆಹಣ್ಣು ಎಲ್ಲ ಹಾಕಿ ತಿಕ್ಕಿದೆವು. ಹೋಗಲಿಲ್ಲ. ಒಂದು ಮಳೆಗಾಲ ಪೂರ್ತಿ ತಡೆಯಲಿ ಎಂದೇ ಮಾಡಿದ ಬಣ್ಣ ಅದು. ಹೊರಗೆ ಕಾಣುವಂಥವನ್ನು ಮರುದಿನ ರೈಲು ಹತ್ತುವ ಮೊದಲು ರಾಯಚೂರಿನಲ್ಲಿ ಹೊಸದಾಗಿ ಕೊಂಡೆವು. ಟವೆಲ್ಲು, ದಿಂಬಿನ ಚೀಲಗಳು ಗೀಟಿನ ಸಮೇತ ಹೋದವು. ಮಗಳು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದಳು. ನಾನು ಸಮಾಧಾನ ಹೇಳಲು ಹೋದರೆ, ಸ್ಟೇಷನ್ನಿಗೆ ಬಂದಿದ್ದ ಅತ್ತೆ ಕಿಟಕಿಯೊಳಗೆ ಕೈಹಾಕಿ ಅವಳ ಕಿವಿ ಮುಟ್ಟಿ ಹೇಳಿದರು:

"ಸುಮ್ಮಕಿರು. ಇದನ್ನ ಕತ್ತರಿಸಿಲ್ಲಲ್ಲ!"

ಟ್ಯಾಂಕಿನ ಜಾಗ

ಇದು ಸಣ್ಣದು. ಬರೆಯಲೋ ಬೇಡವೋ ಎಂದು ಯೋಚಿಸಿದೆ. ಬರೆದೇ ಬಿಡುತ್ತೇನೆ.

ಮಗಳು ಹೋದಮೇಲೆ ಓಣಿಯಲ್ಲಿ ನಮಗಿಂತ ಹೆಚ್ಚು ಧೈರ್ಯ ಬಂದದ್ದು ಎದುರಿನ ಕಿರಾಣಿ ಅಂಗಡಿಯವರಿಗೆ. ಮೊದಲ ವರ್ಷದ ಕೆಡೆಟ್ ಅಂದರೆ ಇನ್ನೂ ಕಲಿಯುವವಳು, ಆಕೆಗೆ ಸಾಲಿನಲ್ಲಿ ಸೊಳ್ಳೆ ಕಚ್ಚಿದರೆ ಕೆರೆದುಕೊಳ್ಳುವ ಅಧಿಕಾರವೂ ಇಲ್ಲ ಎಂದು ನಾನು ಎಷ್ಟು ಸಲ ವಿವರಿಸಿದರೂ ಅವರು ಕೇಳಲಿಲ್ಲ. ಒಂದು ದಿನ ಕಲ್ಲೂರಿನಿಂದ ಹತ್ತಿ ತುಂಬಿಕೊಂಡು ಬಂದ ಟ್ರ್ಯಾಕ್ಟರ್ ಸರಿಯಾಗಿ ಅವರ ಅಂಗಡಿ ಬಾಗಿಲಿಗೆ ನಿಂತಿತು. ಡ್ರೈವರ್ ಚಹಾ ಕುಡಿಯಲು ಹೋದವನು ನಿಧಾನವಾಗಿ ಬಂದ. ಅಂಗಡಿಯವರು ನನ್ನ ತೋಳು ಹಿಡಿದು ಎಳೆದು ಅವನ ಮುಂದೆ ನಿಲ್ಲಿಸಿದರು.

"ಏ ತಮ್ಮಾ, ಇವರು ಯಾರು ಗೊತ್ತೇನು? ಇವರ ಮಗಳು ಮಿಲಿಟರಿ! ಒಂದು ಫೋನ್ ಹಚ್ಚಿದ್ರ ಇಲ್ಲಿಗೆ ಟ್ಯಾಂಕ್ ಬರತದ, ಟ್ಯಾಂಕ್!"

ಡ್ರೈವರ್ ನನ್ನ ಗ್ರೀಸಿನ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಓಣಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ.

"ಬರಲಿ ಬಿಡ್ರಿ ಸಾವ್ಕಾರ್ರ. ಆದರ ನಿಲ್ಲಸ್ತೀರಿ ಎಲ್ಲಿ? ಇದ್ದದ್ದೊಂದು ಜಾಗಾ ನಾ ಹಿಡದೀನಿ."

ಮುಳ್ಳು ಚಮಚ

ಅಕಾಡೆಮಿಯಲ್ಲಿ ಊಟಕ್ಕೂ ತರಬೇತಿ ಇದೆ. ಎಡಗೈಯಲ್ಲಿ ಮುಳ್ಳು ಚಮಚ, ಬಲಗೈಯಲ್ಲಿ ಚಾಕು, ಬೆನ್ನು ನೆಟ್ಟಗೆ, ಸದ್ದಿಲ್ಲದೆ ಉಣ್ಣಬೇಕು. ಮಗಳು ಒಂದು ಭಾನುವಾರ ಇದನ್ನು ಫೋನಿನಲ್ಲಿ ಹೇಳಿದ್ದೇ ತಡ, ನನ್ನ ಹೆಂಡತಿಯ ಹಸಿವು ಹೋಯಿತು.

"ಮುಳ್ಳು ಚಮಚದಾಗ ಹೊಟ್ಟಿ ಹ್ಯಾಂಗ್ರೀ ತುಂಬತದ?"

"ತುಂಬತದ. ದೊಡ್ಡ ದೊಡ್ಡ ಸಾಹೇಬ್ರು ಹಂಗ ಉಣ್ಣತಾರ."

"ಅವರಿಗಿ ಹಸಿವಿರಂಗಿಲ್ಲ. ನನ್ನ ಮಗಳು ಓಡಿ ಬಂದಿರತಾಳ."

ನಾನು ಏನು ಹೇಳಿದರೂ ಒಪ್ಪಲಿಲ್ಲ. ಪರೀಕ್ಷೆ ಮಾಡಿಯೇ ನೋಡಬೇಕೆಂದಳು. ಅಡುಗೆ ಗುತ್ತಿಗೆಯ ಗೆಳೆಯರೊಬ್ಬರಿಂದ ನಾನು ಎರಡು ಮುಳ್ಳು ಚಮಚ, ಎರಡು ಚಾಕು ತಂದೆ. ಸಂಜೆ ನಾವು ಮೂವರೂ ಕೂತೆವು. ಅತ್ತೆ ಆಗ ನಮ್ಮಲ್ಲಿಗೇ ಬಂದಿದ್ದರು. ತಟ್ಟೆಯಲ್ಲಿ ಕಡಕ್ ರೊಟ್ಟಿ, ಪುಂಡಿಪಲ್ಯ, ಮೊಸರು. ಇಲ್ಲಿ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಅಕಾಡೆಮಿಯಲ್ಲಿ ಕಡಕ್ ರೊಟ್ಟಿ ಕೊಡುತ್ತಾರೋ ಇಲ್ಲವೋ ಎಂದು ನಾವು ಯಾರೂ ಕೇಳಿರಲಿಲ್ಲ. ಊಟ ಅಂದರೆ ರೊಟ್ಟಿ ಅಂತಲೇ ನಮ್ಮ ತಲೆಯಲ್ಲಿ.

ಕಡಕ್ ರೊಟ್ಟಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದು ಒಣಗಿಸಿದ ಜೋಳದ ರೊಟ್ಟಿ, ಹಪ್ಪಳಕ್ಕಿಂತ ಗಟ್ಟಿ. ಹೆಂಡತಿ ಬೆನ್ನು ನೆಟ್ಟಗೆ ಮಾಡಿಕೊಂಡು ಮುಳ್ಳು ಚಮಚವನ್ನು ಅದರ ನಡುವೆ ಚುಚ್ಚಿದಳು. ರೊಟ್ಟಿ ಪಟಾಕಿಯಂತೆ ಸಿಡಿಯಿತು. ಒಂದು ತುಂಡು ನನ್ನ ಮೊಸರಿಗೆ ಬಿತ್ತು, ಒಂದು ಟಿವಿಯ ಹಿಂದೆ ಹೋಯಿತು. ನಾನು ಚಾಕುವಿನಿಂದ ನಿಧಾನವಾಗಿ ಕೊಯ್ಯಲು ನೋಡಿದೆ. ಬ್ರೇಕ್ ಸವೆದ ಬಸ್ಸಿನ ಶಬ್ದ ಬಂತು. ಪುಂಡಿಪಲ್ಯ ಎತ್ತಿದರೆ ಮುಳ್ಳಿನ ಸಂದಿಯಿಂದ ಇಳಿದು ಮತ್ತೆ ತಟ್ಟೆಗೇ ಬರುತ್ತಿತ್ತು.

ಅತ್ತೆ ನನ್ನ ಕೈಯಿಂದ ಮುಳ್ಳು ಚಮಚ ಇಸಿದುಕೊಂಡು ತಿರುಗಿಸಿ ನೋಡಿದರು. "ಇದು ಹುಲ್ಲು ಎತ್ತೋದು. ಮರಿ ಅದ, ಇನ್ನ ಬೆಳೀಬೇಕು" ಎಂದು ವಾಪಸು ಕೊಟ್ಟು, ತಮ್ಮ ಪಾಡಿಗೆ ಕೈಯಿಂದ ರೊಟ್ಟಿ ಮುರಿದುಕೊಂಡು ಉಣ್ಣತೊಡಗಿದರು.

ಹೆಂಡತಿ ಚಮಚ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಮಗಳು ಉಪಾಸ ಅದಾಳ್ರೀ."

ಅಷ್ಟರಲ್ಲಿ ಅತ್ತೆ ತಮ್ಮ ತಟ್ಟೆ ಮುಗಿಸಿ, ನಮ್ಮಿಬ್ಬರ ತಟ್ಟೆಗಳನ್ನೂ ಹತ್ತಿರ ಎಳೆದುಕೊಂಡು ಮುಗಿಸಿ, ಕೈ ತೊಳೆದರು.

"ಆಕಿ ಅಲ್ಲ. ಇವತ್ತು ಉಪಾಸ ಇದ್ದಾವ್ರು ನೀವಿಬ್ರು."

ಇಲ್ಲ ಅನ್ನಾಕತ್ತಾಳ

ಈಗ ಬರೆಯುವುದು ನಮಗೆ ನಗೆ, ಹೆಂಡತಿಗೆ ಅಲ್ಲ. ಆದ್ದರಿಂದ ಸ್ವಲ್ಪ ಮೆಲ್ಲಗೆ ಬರೆಯುತ್ತೇನೆ.

ಮಗಳಿಗೆ ಫೋನ್ ಸಿಗುವುದು ಭಾನುವಾರ, ಅದೂ ಕೊಂಚ ಹೊತ್ತು. ಮೊದಮೊದಲು ಅಳುತ್ತಿದ್ದಳು. ಹೆಂಡತಿಗೆ ಅದರಿಂದ ನೆಮ್ಮದಿಯಿತ್ತು, ಅಳುವವಳು ನಮ್ಮ ಮಗಳೇ ಅಲ್ಲವೇ. ಬರಬರುತ್ತ ಅಳು ನಿಂತಿತು. ಮಾತೂ ಸಣ್ಣದಾಯಿತು. "ಉಂಡೀನಿ. ಅರಾಮದೀನಿ. ಸರಿ." ಕೂದಲು ಕುತ್ತಿಗೆಯವರೆಗೆ ಕತ್ತರಿಸಿದ ಒಂದು ಫೋಟೋ ಬಂತು. ಹೆಂಡತಿ ಅದನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ ನೋಡಿದಳು. "ಉಣ್ಣಿ ಕತ್ತರಿಸಿದ ಕುರಿ ಹಗುರ ಓಡತದ ಬಿಡಬೇ, ಮತ್ತ ಬೆಳೀತದ" ಎಂದರು ಅತ್ತೆ. ಹೆಂಡತಿ ನಗಲಿಲ್ಲ.

ಆಮೇಲೆ ಒಂದು ಭಾನುವಾರ ಹೆಂಡತಿ ಎಂದಿನಂತೆ, "ತಲಿಗಿ ಎಣ್ಣಿ ಹಚ್ಚಿಕೊಳ್ಳಾಕತ್ತೀ ಇಲ್ಲ?" ಎಂದು ಸ್ವಲ್ಪ ಜೋರಾಗಿ ಕೇಳಿದಳು. ಆ ಕಡೆಯಿಂದ ಗೋಡೆ ನಡುಗುವ ಹಾಗೆ ಉತ್ತರ ಬಂತು: "ಯೆಸ್ ಮ್ಯಾಮ್!"

ನಾನು ಬಿದ್ದು ಬಿದ್ದು ನಕ್ಕೆ. ಮಗಳೂ ಆ ಕಡೆ ನಕ್ಕಳು. ಅಲ್ಲಿ ಜೋರು ದನಿ ಕೇಳಿದರೆ ಬಾಯಿ ತಾನಾಗಿ ಹಾಗೆ ಹೇಳುತ್ತದೆ ಎಂದು ವಿವರಿಸಿದಳು. ಆದರೆ ಹೆಂಡತಿ ಫೋನನ್ನು ನನ್ನ ಕೈಗಿಟ್ಟು ಒಳಗೆ ಹೋದಳು.

"ಯಾಕ, ಏನಾತು?" ಎಂದು ಕೇಳಿದೆ.

"ಅದು ನನ್ನ ಮಗಳ ದನಿ ಅಲ್ರೀ. ಕಲಿಸ್ಲಿ, ಓಡಿಸ್ಲಿ, ಏನರ ಮಾಡ್ಲಿ. ಆದ್ರ ನಮ್ಮಾಕೀನ್ನ ನಮ್ಮಾಕಿ ಅನ್ನೋ ಹಂಗ ಇಡಬೇಕಲ್ಲ? ನಾಳಿ ಬಂದು ಯಾರು ನೀವು ಅಂದ್ರ?"

ಅಂದಿನಿಂದ ಅವಳು ಫೋನ್ ಮುಟ್ಟಲಿಲ್ಲ. ಮಗಳು ಬದಲಾಗಿಬಿಟ್ಟಿದ್ದರೆ ಅದನ್ನು ತನ್ನ ಕಿವಿಯಿಂದ ಕೇಳಲು ಅವಳಿಗೆ ಧೈರ್ಯವಿರಲಿಲ್ಲ. ನನಗೆ ಈಗ ಅರ್ಥವಾಗುತ್ತದೆ, ಆಗ ಆಗಿರಲಿಲ್ಲ. ಭಾನುವಾರ ಬಂದರೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುವಳು. ನಾನು ಫೋನಿನಲ್ಲಿ ಮಾತಾಡುತ್ತಿದ್ದರೆ ಕೈಸನ್ನೆಯಲ್ಲಿ ಪ್ರಶ್ನೆ ಕಳಿಸುವಳು.

"ಕಾಲಿನ ಗಾಯ ಮಾಯ್ತೇನು ಕೇಳ್ರಿ."

"ಕಾಲಿನ ಗಾಯ ಮಾಯ್ತೇನವ್ವಾ?"

"ಮಾಯ್ತು. ಅಪ್ಪಾ, ಅವ್ವ ಅಲ್ಲೇ ನಿಂತಾಳಿಲ್ಲ?"

ಹೆಂಡತಿ ಎರಡೂ ಕೈ ಆಡಿಸಿ ಪಿಸುಗುಟ್ಟಿದಳು, "ಇಲ್ಲ ಅನ್ರಿ, ಇಲ್ಲ ಅನ್ರಿ!"

ನನಗೆ ಸುಳ್ಳು ಹೇಳಿ ರೂಢಿಯಿಲ್ಲ.

"ಇಲ್ಲ ಅನ್ನಾಕತ್ತಾಳವ್ವಾ" ಎಂದೆ.

ಮೂರನೇ ಸಾಲು

ಕೊನೆಗೆ ತಂದೆತಾಯಿಯರು ಬಂದು ನೋಡಬಹುದಾದ ದಿನ ಬಂತು. ಹೆಂಡತಿ ಬರುವುದಿಲ್ಲ ಎಂದಳು. ಆಮೇಲೆ ಶೇಂಗಾ ಉಂಡಿ ಕಟ್ಟಲು ಕೂತಳು. ಆಮೇಲೆ ಬರುತ್ತೇನೆ ಎಂದಳು. ಅತ್ತೆ ಕಂಬಳಿ ಹೆಗಲಿಗೆ ಹಾಕಿಕೊಂಡು ನಮಗಿಂತ ಮೊದಲೇ ರಾಯಚೂರು ಸ್ಟೇಷನ್ನಿನಲ್ಲಿ ಕೂತಿದ್ದರು.

ಅಕಾಡೆಮಿಯ ಮೈದಾನವನ್ನು ಹೇಗೆ ವರ್ಣಿಸಲಿ? ನಮ್ಮ ಡಿಪೋದಂಥ ಡಿಪೋಗಳನ್ನು ಎಷ್ಟೋ ಅದರೊಳಗೆ ನಿಲ್ಲಿಸಬಹುದು. ಒಂದು ಎಣ್ಣೆ ಕಲೆಯೂ ಇಲ್ಲ. ನಮ್ಮನ್ನು ಪಕ್ಕದ ಶಾಮಿಯಾನದಲ್ಲಿ ಕೂರಿಸಿದರು. ಬ್ಯಾಂಡ್ ಬಾರಿಸಿತು. ಹುಡುಗಿಯರ ತುಕಡಿ ಬಂದು ನಮ್ಮ ಮುಂದೆಯೇ ನಿಂತಿತು.

ಒಂದೇ ಬಟ್ಟೆ, ಒಂದೇ ಟೋಪಿ, ಒಂದೇ ಕೂದಲು, ಒಂದೇ ಎತ್ತರಕ್ಕೆ ಎತ್ತಿದ ಗದ್ದ. ಬಿಸಿಲಿಗೆ ಎಲ್ಲರ ಬಣ್ಣವೂ ಒಂದೇ ಆಗಿತ್ತು.

"ಯಾವಾಕಿರೀ ನಮ್ಮಾಕಿ?" ಹೆಂಡತಿ ಕೇಳಿದಳು.

ನಾನು ನೋಡಿದೆ. ನೋಡುತ್ತಲೇ ಇದ್ದೆ. ಗೊತ್ತಾಗಲಿಲ್ಲ ಎಂದು ಹೇಳಲು ನಾಚಿಕೆಯಾಗಿ, "ಅಲ್ಲಿ, ಮುಂದಿನ ಸಾಲಿನ ತುದಿಗಿ" ಎಂದು ತೋರಿಸಿದೆ. ಧೈರ್ಯವಾಗಿ ಕೈಯನ್ನೂ ಬೀಸಿದೆ. ಪಕ್ಕದಲ್ಲಿ ಕೂತಿದ್ದ ಪೇಟದ ಸರ್ದಾರ್ಜಿಯೊಬ್ಬರು ನನ್ನ ಕೈ ಮುಟ್ಟಿ, ಬಹಳ ಮರ್ಯಾದೆಯಿಂದ ಹಿಂದಿಯಲ್ಲಿ ಹೇಳಿದರು: "ಅಣ್ಣಾ, ಅದು ನನ್ನ ಮಗಳು."

ಹೆಂಡತಿ ನನ್ನ ಕಡೆ ನೋಡಲಿಲ್ಲ. ಅವಳ ಕಣ್ಣು ಸಾಲಿನಿಂದ ಸಾಲಿಗೆ ಓಡುತ್ತಿತ್ತು. "ಹಡದಾಕಿ ನಾನು," ಎಂದಳು, "ನನಗೂ ಗುರುತು ಸಿಗವಲ್ದು." ಶೇಂಗಾ ಉಂಡಿಯ ಡಬ್ಬಿಯನ್ನು ಎದೆಗೆ ಅವುಚಿಕೊಂಡಿದ್ದಳು.

ಅತ್ತೆ ಇಬ್ಬರನ್ನೂ ನೋಡಿದರು. "ಹಿಂಡಿನಾಗ ಕಣ್ಣೀಲೆ ಹುಡುಕ್ತಾರೇನು? ಕರೀಬೇಕು."

"ಯವ್ವಾ, ಇಲ್ಲಿ ಬ್ಯಾಡ..." ಎನ್ನುವಷ್ಟರಲ್ಲಿ ಅತ್ತೆ ಕಂಬಳಿ ಸರಿಸಿ ಎದ್ದು ನಿಂತಿದ್ದರು. ಬ್ಯಾಂಡ್ ಆಗತಾನೇ ನಿಂತಿತ್ತು. ಸೂಜಿ ಬಿದ್ದರೂ ಕೇಳುವಷ್ಟು ಸುಮ್ಮನಿದ್ದ ಆ ಮೈದಾನದ ಮೇಲೆ ಜಾಲಹಳ್ಳಿಯ ಅಡವಿಯ ಕೂಗು ಹಾಯಿತು:

"ಟುರ್ರ್ರ್ರ್... ಹೋಽಽಯ್!"

ಶಾಮಿಯಾನವೆಲ್ಲ ನಮ್ಮ ಕಡೆ ತಿರುಗಿತು. ತುಕಡಿ ಅಲುಗಾಡಲಿಲ್ಲ. ನೆಟ್ಟ ಕಂಬಗಳು. ಒಂದು ಕಂಬ ಬಿಟ್ಟು. ಮೂರನೇ ಸಾಲಿನ ನಡುವೆ ಒಂದು ತಲೆ ಸರಕ್ಕನೆ ಎದ್ದು ನಮ್ಮ ಕಡೆ ತಿರುಗಿತು. ಇದೇ ಕೂಗು ಕೇಳಿ ಹೊಟ್ಟೆ ಹಸಿದು ಹಟ್ಟಿಯ ಕಡೆ ನೋಡುತ್ತಿದ್ದಳಲ್ಲ ಸಣ್ಣವಳಿದ್ದಾಗ, ಅದೇ ಮುಖ.

"ಅಗೋ ಅಲ್ಲಿ! ಆಕೀನ! ನಮ್ಮಾಕೀನ!" ಹೆಂಡತಿ ಕುರ್ಚಿಯ ಮೇಲೆ ಹತ್ತಿ ನಿಲ್ಲುವುದೊಂದು ಬಾಕಿ. ಡಬ್ಬಿ ಬಿದ್ದು ಉಂಡಿಗಳು ಸರ್ದಾರ್ಜಿಯ ಬೂಟಿನವರೆಗೆ ಉರುಳಿದವು. ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ಹೇಳಲಾಗುವುದಿಲ್ಲ. ಅಲ್ಲಿ ಉಸ್ತಾದ್, ಅಂದರೆ ಕವಾಯತು ಕಲಿಸುವವರು, ಗುಡುಗಿದರು. ತಲೆ ಮತ್ತೆ ಸರಕ್ಕನೆ ನೆಟ್ಟಗಾಯಿತು.

ಎಲ್ಲ ಮುಗಿದ ಮೇಲೆ ಮಗಳು ನಮ್ಮ ಹತ್ತಿರ ಬಂದಳು. ನಡಿಗೆಯೂ ಅವರದೇ, ಸೆಲ್ಯೂಟೂ ಅವರದೇ. ಬಂದು ನಿಂತು ಹೇಳಿದಳು: "ಅಜ್ಜೀ, ನಿನ್ನ ಸಲುವಾಗಿ ನಾಳಿ ಮೈದಾನದ ಸುತ್ತ ಓಡಬೇಕು ನಾನು!"

ಅಷ್ಟು ದಿನ ಮಗಳ ಜೊತೆ ಒಂದು ಮಾತೂ ಆಡದ ಹೆಂಡತಿ ಮುಂದೆ ಹೋಗಿ ಅವಳ ಟೋಪಿ ತೆಗೆದು, ಮೊಂಡು ಕೂದಲಿನ ಮೇಲೆ ಕೈಯಾಡಿಸಿದಳು. "ಓಡು. ಬೇಕಾದಷ್ಟು ಓಡು. ಹೊಳ್ಳಿ ನೋಡಿದ್ಯಲ್ಲ, ಅಷ್ಟ ಸಾಕು ನನಗ." ಮಗಳು ಆಗ ಅಳುವುದಕ್ಕೆ ಶುರುಮಾಡಿದಳು. ಹೆಂಡತಿಗೆ ಎಷ್ಟು ಖುಷಿಯಾಯಿತೆಂದರೆ, ಅದನ್ನು ನಾನು ಬರೆಯಲಾರೆ. ಅಕಾಡೆಮಿಯಲ್ಲಿ ಎಲ್ಲರ ಟವೆಲ್ಲೂ ಕಳೆದುಹೋಗುತ್ತವಂತೆ, ತನ್ನದು ಮಾತ್ರ ಒಂದೂ ಕಳೆದಿಲ್ಲ ಎಂದು ಮಗಳು ಅಳುವಿನ ನಡುವೆಯೇ ಅಜ್ಜಿಗೆ ಹೇಳಿದಳು. ಅತ್ತೆ ಇದು ಮೊದಲೇ ಗೊತ್ತಿತ್ತು ಎಂಬಂತೆ ತಲೆಯಾಡಿಸಿದರು.

ಅಷ್ಟರಲ್ಲಿ ಆ ಉಸ್ತಾದ್ ನಮ್ಮ ಕಡೆಗೇ ಬಂದರು. ದೊಡ್ಡ ಮೀಸೆ. ಅವರು ಅತ್ತೆಗೆ ಕೈಮುಗಿದು, ನನ್ನನ್ನು ಹಿಂದಿಯಲ್ಲಿ ಕೇಳಿದರು: "ತಾಯಿಯವರು ಕೊಟ್ಟದ್ದು ಯಾವ ಕಮಾಂಡ್? ನಾನು ಇಷ್ಟು ವರ್ಷಗಳಲ್ಲಿ ಕೇಳಿಯೇ ಇಲ್ಲ."

ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ಉಸ್ತಾದರ ಮೀಸೆಯನ್ನೇ ನೋಡುತ್ತ ಹೇಳಿದರು:

"ಹೇಳಪಾ ಅವಂಗ. ನಾ ಒಂದ ಬ್ಯಾಸಗ್ಯಾಗ ಕಲಿಸೀನಿ, ಇನ್ನತನ ಮರತಿಲ್ಲ. ಇಂವ ಯಾಕ ದಿನಾ ಒದರತಾನ?"

ಉಸ್ತಾದ್ ನನ್ನ ಮುಖ ನೋಡಿದರು. ನಾನು ಹಿಂದಿಗೆ ಮಾಡಿದೆ: "ನಿಮ್ಮ ಪರೇಡ್ ಬಹಳ ಚೆನ್ನಾಗಿತ್ತು ಅನ್ನುತ್ತಿದ್ದಾರೆ."

ಸುಳ್ಳು ರೂಢಿಯಿಲ್ಲ ಎಂದು ಮೇಲೆ ಬರೆದದ್ದು ಈ ಪ್ರಸಂಗದ ಹಿಂದಿನ ಮಾತು.

ಈಗ ಭಾನುವಾರದ ಫೋನ್ ಹೆಂಡತಿಯದೇ. ಹಲೋ ಅನ್ನುವುದಿಲ್ಲ, ಮೊದಲು ಆ ಕೂಗು ಹಾಕುತ್ತಾಳೆ. ಆ ಕಡೆಯಿಂದ ನಗು ಬಂದಮೇಲೆಯೇ ಮಾತು. ಓದುವವರಿಗೆ ಆ ಕೂಗು ಹೇಗೆ ಎಂದು ಸರಿಯಾಗಿ ತಿಳಿಯಬೇಕು, ಮೇಲೆ ನಾನು ಬರೆದ ಅಕ್ಷರಗಳು ಏನೇನೂ ಸಾಲವು, ಅದಕ್ಕೇ ವಿವರಿಸುತ್ತೇನೆ. ಮೊದಲು ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಇಡಬೇಕು. ಒತ್ತಬಾರದು, ಮುಟ್ಟಿಸಬೇಕು ಅಷ್ಟೇ. ಆಮೇಲೆ ಹೊಟ್ಟೆಯಿಂದ ಗಾಳಿ ಬಿಟ್ಟರೆ ನಾಲಿಗೆ ತಾನೇ ನಡುಗುತ್ತದೆ, ಡೀಸೆಲ್ ಇಂಜಿನ್ ಮುಂಜಾನೆ ಶುರುವಾಗುವಾಗಿನ ಹಾಗೆ. ಆದರೆ ಮುಖ್ಯವಾದದ್ದು ಕೊನೆಯ "ಹೋಯ್". ಅದನ್ನು ಏರಿಸಿ ಥಟ್ಟನೆ ಬಿಡಬೇಕು, ಏಕೆಂದರೆ ಅಲ್ಲಿಯೇ

ಅಡುಗೆಮನೆಯಿಂದ ಕೂಗು ಬಂತು. ಅದೇ ಕೂಗು. ಇವತ್ತು ಭಾನುವಾರ, ಫೋನ್ ಬಂದಿರಬೇಕು. ಮೊದಲು ಮಗಳಿಗೇ ಕೂಗಿದಳು ಎಂದುಕೊಂಡೆ. ಅಲ್ಲ, ಈ ಕಡೆ ಮುಖ ಮಾಡಿಯೇ ಕೂಗಿದ್ದಾಳೆ. ನಾನು ತಲೆ ಎತ್ತಿದೆ. ಇದೊಂದು ವಾಕ್ಯ ಮುಗಿಸಿ ಹೋಗುತ್ತೇನೆ. ನಾನು ಹೇಳುತ್ತಿದ್ದುದು, ಆ "ಹೋಯ್" ಏರಿಸುವಾಗ ಗದ್ದವನ್ನು

ಎರಡನೆಯದೂ ಬಂತು. ಹೊರಟೆ, ಏಕೆಂದರೆ ಇನ್ನು ಪಕ್ಕದಲ್ಲಿ ಬೀಳುವುದು